ಪರಭಾಷೆ

ಮನಾಮದಲ್ಲಿ ಭಾನುವಾರವೆಂದರೆ ವಾರದ ಮೊದಲ ದಿನ.
ಹದಿನಾಲ್ಕನೇ ಮಹಡಿಯ ಗಾಜು ಹೊರಗಿನಿಂದ ಬೆವರುತ್ತದೆ.
ನಾನು ಬಂದು ಕಂಪ್ಯೂಟರ್ ತೆರೆಯುವ ಹೊತ್ತಿಗೆ
ಹುಬ್ಬಳ್ಳಿಯಲ್ಲಿ ಎರಡೂವರೆ ಗಂಟೆಯ ಕೆಲಸ ಮುಗಿದಿರುತ್ತದೆ.
ನೀಲಗಂಗಾ ಹಿತ್ತಲಮನಿಯ ತಂಡ, ಒಂಬತ್ತು ಜನ,
ಎರಡು ಸಾವಿರ ಕಾಗದಕ್ಕೆ ಗುರುತು ಹಾಕಿ
ನನ್ನ ಕಡೆ ದಬ್ಬಿರುತ್ತಾರೆ.

ಗುರುತು: ಸಂಬಂಧವಿದೆ. ಸಂಬಂಧವಿಲ್ಲ.
ಒಂದು ಕಾಗದಕ್ಕೆ ನಲವತ್ತು ಸೆಕೆಂಡು.
ಇಲ್ಲಿಯ ಇಬ್ಬರ ಸಂಬಳದಲ್ಲಿ ಅಲ್ಲಿ ಒಂಬತ್ತು ಮಂದಿ,
ಮೇಲೆ ಎರಡು ಹೊತ್ತು ಚಹಾ, ಎಂದು
ಪೆಂಬರ್ಟನ್ ಸಾಹೇಬರು ಲೆಕ್ಕ ತೋರಿಸಿದ ತಿಂಗಳು
ನನ್ನ ಎಡಬಲದ ಕುರ್ಚಿಗಳು ಖಾಲಿಯಾದವು.
ನನ್ನದು ಉಳಿಯಿತು.
ಅಲ್ಲಿಂದ ಬಂದದ್ದನ್ನು ಇಲ್ಲಿ ಯಾರಾದರೂ ಇಳಿಸಿಕೊಳ್ಳಬೇಕಲ್ಲ.

ಕೈಪಿಡಿ ಬರೆದವಳೂ ನಾನೇ.
ಹದಿನೇಳನೆಯ ನಿಯಮ:
ಇಂಗ್ಲಿಷ್, ಅರಬ್ಬಿ ಬಿಟ್ಟು ಬೇರೆ ಬರಹ ಕಂಡರೆ
‘ಪರಭಾಷೆ’ ಎಂದು ಒತ್ತಿ. ಓದಬೇಡಿ. ಮುಂದೆ ಹೋಗಿ.
ಅದನ್ನು ಬರೆಯುವಾಗ ತಗಾಲೊಗ್ ನೆನಪಿತ್ತು, ನೇಪಾಳಿ, ಮಲಯಾಳ.
ಮನೆಯಲ್ಲಿ ಕೊಂಕಣಿ ಆಡಿ,
ಕನ್ನಡ ಶಾಲೆಯ ಬೆಂಚಿನಲ್ಲಿ ಬೆಳೆದವಳಿಗೆ
ಅದೊಂದು ಮಾತ್ರ ಹೊಳೆಯಲಿಲ್ಲ.

ಮೊಕದ್ದಮೆ ದೊಡ್ಡದೇನಲ್ಲ.
ನೂರ ನಲವತ್ತು ಆಳುಗಳು: ಐದು ತಿಂಗಳ ಪಗಾರ ಬಂದಿಲ್ಲ.
ಕಟ್ಟಡದ ಕಂಪನಿ: ಕೊಟ್ಟಿದ್ದೇವೆ, ನೋಡಿ ಸಹಿ.
ನಾವು ಕಂಪನಿಯ ವಕೀಲರು.

ಹನ್ನೊಂದಕ್ಕೆ ಕರೆ ಬಂತು.
ಎರಡು ವರ್ಷ ನಾವಿಬ್ಬರೂ ಇಂಗ್ಲಿಷಿನಲ್ಲೇ ಮಾತಾಡಿದವರು,
ಇಸ್ತ್ರಿ ಮಾಡಿದ ಅಂಗಿ ತೊಟ್ಟ ಹಾಗೆ.
ಈಗ ಆಚೆಯಿಂದ ಒಮ್ಮೆಲೇ:
“ಐರಿಸ್ ಮೇಡಂ, ಒಂದು ತಪ್ಪಾತ್ರಿ.
ಓದಿಬಿಟ್ಟೆ.”

ಹಾಳೆಯ ಮುಂದೆ: ಜುಲೈ ಪಗಾರ ಮುಟ್ಟಿದೆ. ಸಹಿ, ದುರ್ಗಪ್ಪ.
ಸ್ಕ್ಯಾನ್ ಮಾಡುವ ಯಂತ್ರಕ್ಕೆ ಹಿಂದು ಮುಂದು ಗೊತ್ತಿಲ್ಲ,
ಎರಡೂ ಬದಿ ಎಳೆದುಕೊಂಡಿತ್ತು.
ಹಿಂದೆ, ಪೆನ್ಸಿಲಿನಲ್ಲಿ, ತುಸು ಇಳಿಜಾರಾಗಿ:

ಯಂಕೋಬ, ಸಹಿ ಮಾಡಿಸ್ಕೊಂಡಾರ, ರೊಕ್ಕ ಕೊಟ್ಟಿಲ್ಲ.
ಮಾಡಲಿಲ್ಲಂದ್ರ ಪಾಸ್‌ಪೋರ್ಟ್ ಇಲ್ಲ ಅಂದ್ರು.
ಹಲ್ಲುಬ್ಯಾನಿ ಕಡಿಮಿ ಆಗೇತಿ.
ಊರಿಗೆ ಹೊಂಟವರ ಕೈಯಾಗ ಈ ಚೀಟಿ ಕೊಡ್ತೀನಿ.
ಅವ್ವಗ ಓದಿ ಹೇಳಬ್ಯಾಡ.

ಯಾರ ಕೈಗೆ ಕೊಟ್ಟನೋ.
ಚೀಟಿ ಊರಿಗೆ ಹೋಗಲಿಲ್ಲ, ಕಂಪನಿಯ ಕಡತಕ್ಕೆ ಹೋಯಿತು,
ಕಡತದಿಂದ ನಮ್ಮ ಸರ್ವರಿಗೆ, ಸರ್ವರಿನಿಂದ ಹುಬ್ಬಳ್ಳಿಗೆ,
ಅವನ ಊರಿಗೆ ಬಸ್ಸಿನಲ್ಲಿ ಅರ್ಧ ದಿನವೂ ಇರದಷ್ಟು ಹತ್ತಿರಕ್ಕೆ,
ಓದಬೇಡಿ ಎಂಬ ನಿಯಮದ ಜೊತೆಗೆ.

“ಏಳು ನಿಮಿಷ ಆತ್ರಿ, ಗಡಿಯಾರ ಕೆಂಪಾಗೇತಿ.
ಪರಭಾಷೆ ಒತ್ತಲೇನ್ರಿ?” ಎಂದಳು,
ನಕ್ಕಳೋ ಏನೋ, ಫ್ಯಾನಿನ ಸದ್ದಿನಲ್ಲಿ ತಿಳಿಯಲಿಲ್ಲ.

ಕಿಟಕಿಯಾಚೆ ಮರಳು ಸುರಿದು ಸಮುದ್ರವನ್ನು ನೆಲ ಮಾಡುತ್ತಿದ್ದರು.
ಕ್ರೇನು ತಿರುಗಿ ಮತ್ತೆ ತಿರುಗುವವರೆಗೆ ಸುಮ್ಮನಿದ್ದೆ.
ಧೈರ್ಯವೆಂದು ಹೇಳಲಾರೆ.
ನನಗೂ ಬಾಡಿಗೆ ಇದೆ, ವೀಸಾದ ಮೇಲೆ ತಾರೀಖಿದೆ.
ಆದರೆ ಓದಿದವರು ಈಗ ಇಬ್ಬರಾಗಿದ್ದೆವು.
“ಸಂಬಂಧವಿದೆ ಅಂತ ಒತ್ತು, ಮಾರಾಯ್ತಿ,” ಎಂದೆ.

ತಿಂಗಳ ಕೊನೆಗೆ ಸಾಹೇಬರು ಬಿಲ್ಲಿನ ಮೇಲೆ ಬೆರಳಿಟ್ಟರು:
ಒಂದು ಕಾಗದಕ್ಕೆ ಏಳು ನಿಮಿಷ? ಏನು ಮಾಡಿದರು?
ಓದಿದರು, ಎಂದೆ.
ಕಕ್ಷಿಗಾರರು ಇದಕ್ಕೆ ದುಡ್ಡು ಕೊಡುವುದಿಲ್ಲ ಎಂದು
ಹಸಿರು ಶಾಯಿಯಲ್ಲಿ ಹೊಡೆದು ಹಾಕಿದರು.
ಕಾಗದವನ್ನು ಮಾತ್ರ ಹೊಡೆಯಲಾಗದು, ಅದಕ್ಕೆ ನಂಬರು ಬಿದ್ದಿತ್ತು.

ಭಾಷಾಂತರ ಮತ್ತೆಲ್ಲಿಂದಲೋ ಬಂತು,
ಶಬ್ದಕ್ಕಿಷ್ಟು ಎಂದು ಇನ್ನೂ ಅಗ್ಗದ ದರದಲ್ಲಿ.
ಸಹಿ ಇತ್ತು, ರೊಕ್ಕ ಇತ್ತು, ಪಾಸ್‌ಪೋರ್ಟ್ ಇತ್ತು.
ಹಲ್ಲಿನ ಸಾಲು ಇರಲಿಲ್ಲ.
ಪೆನ್ಸಿಲ್ ಹುಡುಕಿದೆ.
ಈ ಆಫೀಸಿನಲ್ಲಿ ಪೆನ್ಸಿಲ್ ಸಿಗುವುದು ಕಷ್ಟ.